ತೊಟ್ಟಿಕ್ಕದ ನೀರು, ಒಣಗಿದ ಗೂಡು
(ಉಪನ್ಯಾಸದ ಬರಹರೂಪ)



ಹಿಮ ಬೀಳುವ ನಾಡಿನಲ್ಲಿ ಹಿತ್ತಲ ಕೋಳಿಯನ್ನು ಚಳಿಗಿಂತ ಹೆಚ್ಚಾಗಿ ಪೀಡಿಸುವುದು ತೇವ. ಲಡಾಖಿನ ಲೇಹ್, ಸ್ಪಿತಿ ಕಣಿವೆಯ ಕಾಜಾ ಮುಂತಾದ ಊರುಗಳು ಸುಮಾರು 3,500 ಮೀಟರ್ ಅಥವಾ ಅದಕ್ಕೂ ಹೆಚ್ಚು ಎತ್ತರದಲ್ಲಿವೆ. ಅಲ್ಲಿ ಜನವರಿಯ ರಾತ್ರಿ ಉಷ್ಣಾಂಶವು ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಗರಿಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ಕೋಳಿಯು ಒಣಚಳಿಯನ್ನು ತಾಳಿಕೊಳ್ಳಬಲ್ಲದು. ಆದರೆ ನೆಲಹಾಸು ನೆನೆದರೆ ಗೂಡಿನ ಗಾಳಿ ತೇವದಿಂದ ಭಾರವಾಗುತ್ತದೆ. ಜುಟ್ಟಿನ ತುದಿ ಹಿಮಗಡಿತಕ್ಕೆ ಸಿಕ್ಕು ಕಪ್ಪಾಗುತ್ತದೆ. ಹಿಕ್ಕೆಯಿಂದೇಳುವ ಅಮೋನಿಯ ಶ್ವಾಸನಾಳವನ್ನು ಸುಡುತ್ತದೆ.

ಈ ತೇವದ ಒಂದು ಮುಖ್ಯ ಮೂಲ ನೀರಿನ ಪಾತ್ರೆಯೇ. ಸೆಕೆಂಡಿಗೊಂದು ಹನಿ ಸೋರಿದರೆ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು ನೀರು ನೆಲ ಸೇರುತ್ತದೆ. ಒಂದು ಕೋಳಿ ಕುಡಿಯುವುದು ದಿನಕ್ಕೆ ಸುಮಾರು ಕಾಲು ಲೀಟರ್. ಅಂದರೆ ಹತ್ತು ಕೋಳಿಗಳು ಕುಡಿಯುವುದಕ್ಕಿಂತ ಹೆಚ್ಚು ನೀರು ವ್ಯರ್ಥವಾಗಿ, ಗೂಡನ್ನೂ ಕೆಡಿಸುತ್ತದೆ. ಕೊಳಾಯಿ ಹೆಪ್ಪುಗಟ್ಟಿದ ಊರಿನಲ್ಲಿ ಆ ನೀರು ಯಾರದೋ ಬೆನ್ನ ಮೇಲೆ ಬಂದದ್ದೆಂಬುದನ್ನು ಮರೆಯಲಾಗದು.

ತಟ್ಟೆಯ ಮೇಲೆ ಬೋರಲು ಹಾಕುವ ಡಬ್ಬಿಯ ದೋಷ ಅದರ ರಚನೆಯಲ್ಲೇ ಇದೆ. ರಾತ್ರಿ ಕುಗ್ಗಿದ ಒಳಗಾಳಿ ಬಿಸಿಲೇರಿದಂತೆ ಹಿಗ್ಗಿ, ನೀರನ್ನು ತಟ್ಟೆಯಾಚೆಗೆ ದೂಡುತ್ತದೆ. ಹೆಪ್ಪುಗಟ್ಟುವ ನೀರು ಶೇಕಡಾ 9ರಷ್ಟು ಹಿಗ್ಗಿ ಡಬ್ಬಿಯನ್ನೇ ಸೀಳಬಹುದು.

ಇದಕ್ಕೆ ಮನೆಯಲ್ಲೇ ಮಾಡಬಹುದಾದ ಪರಿಹಾರವುಂಟು. ಬಣ್ಣವಾಗಲಿ ಕೀಟನಾಶಕವಾಗಲಿ ತುಂಬಿರದ, ಮುಚ್ಚಳವಿರುವ ಹತ್ತು ಲೀಟರಿನ ಬಕೆಟ್ ಸಾಕು. ತಳದಿಂದ ಎರಡು ಬೆರಳು ಮೇಲೆ, ಪಕ್ಕದಲ್ಲಿ ರಂಧ್ರ ಕೊರೆದು, ಕೋಳಿ ಸಾಕಣೆಗೆಂದೇ ಮಾರುವ ಅಡ್ಡ ನಿಪ್ಪಲ್ಲನ್ನು ರಬ್ಬರ್ ವಾಷರ್ ಸಹಿತ ಬಿಗಿಯಬೇಕು. ಕೆಳಮುಖವಾದ ನಿಪ್ಪಲ್ಲಿನ ತುದಿಯಲ್ಲಿ ಹನಿ ನಿಂತು ಬೇಗ ಹೆಪ್ಪುಗಟ್ಟುತ್ತದೆ. ಅಡ್ಡ ನಿಪ್ಪಲ್ಲಿನ ಕವಾಟವು ಬಕೆಟಿನ ನೀರಿಗೆ ಹತ್ತಿರವಿರುವುದರಿಂದ ಹೆಚ್ಚು ಹೊತ್ತು ತಡೆಯುತ್ತದೆ. ಮುಚ್ಚಳದಲ್ಲಿ ಗಾಳಿಗೊಂದು ಸಣ್ಣ ತೂತು ಅಗತ್ಯ. ಇಲ್ಲವಾದರೆ ಒಳಗೆ ನಿರ್ವಾತವುಂಟಾಗಿ ನೀರು ನಿಲ್ಲುತ್ತದೆ. ನಾಲ್ಕೈದು ಕೋಳಿಗೆ ಒಂದರಂತೆ, ಕನಿಷ್ಠ ಎರಡು ನಿಪ್ಪಲ್ ಇರಲಿ. ಗೂಡಿನಲ್ಲಿಡುವ ಮೊದಲು ತುಂಬಿದ ಬಕೆಟನ್ನು ಒಂದು ರಾತ್ರಿ ಹಳೆಯ ಪತ್ರಿಕೆಯ ಮೇಲಿಟ್ಟರೆ ಸೋರಿಕೆಯಿದ್ದಲ್ಲಿ ಕಾಗದವೇ ಹೇಳುತ್ತದೆ. ಕೋಳಿಗಳು ಹೊಸ ವಿಧಾನವನ್ನು ಕಲಿಯುವವರೆಗೆ ಹಳೆಯ ಪಾತ್ರೆಯನ್ನು ತೆಗೆಯಬಾರದು. ನೀರು ಸಿಗದ ಕೋಳಿ ಮೇವನ್ನೂ ಬಿಡುತ್ತದೆ, ಮೊಟ್ಟೆಯನ್ನೂ ನಿಲ್ಲಿಸುತ್ತದೆ.

ಬಕೆಟನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಸುತ್ತ ಒಣಹುಲ್ಲು ಅಥವಾ ಹಳೆಯ ಉಣ್ಣೆಯನ್ನು ಒತ್ತಾಗಿ ತುಂಬುವುದು ಮುಂದಿನ ಹೆಜ್ಜೆ. ಈ ಹೊದಿಕೆ ಶಾಖವನ್ನು ಉಂಟುಮಾಡುವುದಿಲ್ಲ, ಹೋಗುವ ಶಾಖವನ್ನು ತಡೆಯುತ್ತದೆ ಅಷ್ಟೇ. ಆದುದರಿಂದ ಬೆಳಿಗ್ಗೆ ಉಗುರುಬೆಚ್ಚಗಿನ ನೀರು ತುಂಬಬೇಕು. ಕತ್ತಲಲ್ಲಿ ಕೋಳಿ ನೀರು ಕುಡಿಯದು. ಸಂಜೆ ಬಕೆಟನ್ನು ಮನೆಯೊಳಗೆ ತಂದಿಟ್ಟರೆ ಇಡೀ ರಾತ್ರಿ ಅದನ್ನು ಕಾಯಿಸುವ ಇಂಧನವೇ ಉಳಿಯಿತು! ಜಾನುವಾರುಗಳನ್ನು ನೆಲಮಹಡಿಯಲ್ಲಿ ಕಟ್ಟಿ ಮೇಲೆ ವಾಸಿಸುವ ಲಡಾಖಿ ಮನೆಗಳಲ್ಲಂತೂ ಇದು ಸುಲಭ.

ಈ ಸಾಧನಕ್ಕೂ ಮಿತಿಯಿದೆ. ತೀವ್ರ ಚಳಿಯಲ್ಲಿ ನಿಪ್ಪಲ್ಲೂ ಹೆಪ್ಪುಗಟ್ಟುತ್ತದೆ. ದಿನಕ್ಕೆ ಹಲವು ಬಾರಿ ಬೆರಳಿನಿಂದ ಒತ್ತಿ ನೋಡಲೇಬೇಕು. ಅಂಥ ದಿನಗಳಲ್ಲಿ ರಬ್ಬರಿನ ಬೋಗುಣಿಯಲ್ಲಿ ಬೆಚ್ಚಗಿನ ನೀರನ್ನು ಎರಡು ಮೂರು ಸಲ ಕೊಟ್ಟು, ಕುಡಿದಾದೊಡನೆ ತೆಗೆಯುವುದೇ ಮೇಲು. ಚಳಿಗೆ ಹೆದರಿ ಗೂಡಿನ ಸಂದುಗಳನ್ನೆಲ್ಲ ಮುಚ್ಚಿ ಇದ್ದಿಲ ಅಗ್ಗಿಷ್ಟಿಕೆ ಇಡುವುದು ಮಾತ್ರ ಸಲ್ಲದು. ಅದರ ಹೊಗೆಯಲ್ಲಿ ಪ್ರಾಣಾಂತಕ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಒಣಹುಲ್ಲಿಗೆ ಕಿಡಿ ತಾಗುವ ಭಯ ಬೇರೆ. ಕೋಳಿಗಳು ಕೂರುವ ಅಡ್ಡೆಗಿಂತ ಮೇಲಿನ ಗಾಳಿಕಿಂಡಿ ಚಳಿಗಾಲದಲ್ಲೂ ತೆರೆದಿರಬೇಕು.

ಮಲೆನಾಡಿನಲ್ಲಿ ನೀರು ಹೆಪ್ಪುಗಟ್ಟದು, ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಇಲ್ಲಿನ ಗೂಡುಗಳೂ ಒಣಗುವುದಿಲ್ಲ. ಬೆಚ್ಚನೆಯ ತೇವದಲ್ಲಿ ರಕ್ತಭೇದಿ ತರುವ ಕಾಕ್ಸಿಡಿಯ ರೋಗಾಣುಗಳು ಬಲಿಯುತ್ತವೆ. ಮರಿಗಳೇ ಹೆಚ್ಚಾಗಿ ಬಲಿಯಾಗುತ್ತವೆ. ಉಣ್ಣೆಯ ಹೊದಿಕೆಯನ್ನು ಬಿಟ್ಟು, ಅದೇ ಬಕೆಟ್, ಅದೇ ನಿಪ್ಪಲ್ ಇಲ್ಲಿಗೂ ಒಪ್ಪುತ್ತದೆ.

ನೀರಿನ ಸಂರಕ್ಷಣೆಯೆಂದರೆ ಅಣೆಕಟ್ಟು, ನದಿಗಳ ಮಾತಷ್ಟೇ ಅಲ್ಲ. ಹಿತ್ತಲಿನಲ್ಲಿ ವ್ಯರ್ಥವಾಗುವ ಹನಿಯನ್ನು ನಿಲ್ಲಿಸುವುದೂ ಅದರ ಭಾಗವೇ. ಇಂದು ಸಂಜೆ ಪ್ರತಿಯೊಬ್ಬರೂ ತಮ್ಮ ಕೋಳಿಗೂಡಿನ ನೆಲಹಾಸನ್ನು ಒಂದು ಹಿಡಿ ಹಿಂಡಿ ನೋಡಲಿ. ಅದು ಉಂಡೆಯಾಗಿ ನಿಂತರೆ ಬಕೆಟ್ ಕೊರೆಯುವ ಕೆಲಸವನ್ನು ನಾಳೆಯೇ ಆರಂಭಿಸುವುದೊಳ್ಳೆಯದು.