ಜಗಲಿಯ ಮೇಲಿನ ಪದಕ



ಇಂಥ ವೇದಿಕೆಯಲ್ಲಿ ಕವಿಗಳನ್ನೂ ಶರಣರನ್ನೂ ನೆನೆಯುವುದು ವಾಡಿಕೆ. ನಾವು ಇಂದು ನಮ್ಮ ಮುತ್ತಜ್ಜನವರ ವಿಷಯವಾಗಿ ಎರಡು ಮಾತು ಹೇಳಬೇಕೆಂದು ನಿಂತಿದ್ದೇವೆ. ಅವರು ಜತ್ತ ಸೀಮೆಯ ರೈತರು. ಜೋಳ ಬಿತ್ತಿದರು, ಎತ್ತು ಕಟ್ಟಿದರು, ಹೆಚ್ಚು ಮಾತನಾಡಲಿಲ್ಲ. ಯೌವನದಲ್ಲಿ ಅವರು ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಬಂದಿದ್ದರೆಂಬುದನ್ನು ಮನೆಯವರೆಲ್ಲ ಬಲ್ಲರು. ಅದಕ್ಕಿಂತ ಹೆಚ್ಚು ಯಾರೂ ಅರಿಯರು. ಮಕ್ಕಳು ಕಾಡಿ ಕೇಳಿದರೆ, "ಐದು ತಿಂಗಳು ಕೂತಿದ್ದೆವು" ಎನ್ನುತ್ತಿದ್ದರಂತೆ. ಕಾದಾಡಲು ಹೋದವರು ಕೂತು ಬಂದರೆಂದು ಓಣಿಯವರು ನಗುತ್ತಿದ್ದರು.

ಬಂದ ಪದಕಗಳಲ್ಲಿ ಬೆಳ್ಳಿಯದು ಪತ್ತಾರನ ಕುಲುಮೆ ಸೇರಿ ಮಗಳ ಕಾಲ್ಕಡಗವಾಯಿತು. ಕಂಚಿನದನ್ನು ಕೊಳ್ಳುವವರಿರಲಿಲ್ಲವಾಗಿ ಅದು ಉಳಿಯಿತು. ಅದರ ಮೇಲೆ ರೆಕ್ಕೆಯುಳ್ಳ ಸ್ತ್ರೀಯೊಬ್ಬಳ ಮೂರ್ತಿಯಿದೆ. ಯಾವುದೋ ದೇವಿಯೆಂದು ಬಗೆದು ಹೆಂಗಸರು ಅದನ್ನು ಜಗಲಿಯ ಮೇಲಿಟ್ಟು ಕುಂಕುಮ ಹಚ್ಚುತ್ತ ಬಂದರು. ಮುತ್ತಜ್ಜನವರು ಬೇಡವೆನ್ನಲಿಲ್ಲ, ಕೈ ಮುಗಿದದ್ದನ್ನೂ ಯಾರೂ ಕಂಡಿಲ್ಲ.

ಅವರ ಒಂದು ಸ್ವಭಾವ ಮಾತ್ರ ಸೊಸೆಗೆ, ಎಂದರೆ ನಮ್ಮ ಅಜ್ಜಿಗೆ, ಸಹಿಸಲಾಗದಂತಿತ್ತು. ಬೀಸುವ ಕಲ್ಲಿನ ಬಳಿ ಬಂದು ಕುಳಿತರೆ, ಅಂಚಿಗೆ ಹತ್ತಿದ ಹಿಟ್ಟನ್ನೆಲ್ಲ ಬಟ್ಟೆಯಿಂದ ಒರಸಿ ಬುಟ್ಟಿಗೆ ಹಾಕುವವರೆಗೆ ಏಳುತ್ತಿರಲಿಲ್ಲ. ಹಗೇವು ತುಂಬಿದ ಸುಗ್ಗಿಯಲ್ಲಿಯೂ ಇದೇ. "ಜಿಪುಣ ಮಾವ" ಎಂದು ಅಜ್ಜಿ ತವರಿನಲ್ಲಿ ಹೇಳಿಕೊಂಡದ್ದು ಊರಿಗೆಲ್ಲ ಹಬ್ಬಿತು. ಒಂದು ಸಲ ಅವರೆದುರಿಗೇ ಅಂದುಬಿಟ್ಟರು. ಅವರು ಎದ್ದು ಹೊಲಕ್ಕೆ ಹೋದರು.

1967ರಲ್ಲಿ ಮುತ್ತಜ್ಜನವರು ತೀರಿಕೊಂಡರು. ಬಹುಕಾಲ ಕಳೆದು, ನಮ್ಮಲ್ಲಿ ಶಾಲಾಮಾಸ್ತರರಾದವರೊಬ್ಬರು ಪದಕಕ್ಕೆ ಮೆತ್ತಿದ ಕುಂಕುಮವನ್ನು ತೊಳೆದು ಅದರ ಅಂಚನ್ನು ಓದಿದರು. ಅಲ್ಲಿ ಸಿಪಾಯಿಯ ಸಂಖ್ಯೆ, ಮುರುಕು ಇಂಗ್ಲಿಷಿನಲ್ಲಿ ನಮ್ಮ ಮುತ್ತಜ್ಜನ ಹೆಸರು, ಬಳಿಕ 110ನೆಯ ಮರಾಠಾ ಪಲಟಣದ ಗುರುತು ಇದ್ದವು.

ಆ ಪಲಟಣವು ಪುಣೆಯ ಆರನೆಯ ಡಿವಿಜನ್ನಿನೊಡನೆ ಮೆಸೊಪೊಟೇಮಿಯಕ್ಕೆ, ಇಂದಿನ ಇರಾಕಿಗೆ, ಹೋಗಿತ್ತು. ಟೈಗ್ರಿಸ್ ನದಿ ಬಳಸಿ ಹರಿಯುವ ಒಂದು ಊರಿನಲ್ಲಿ ತುರ್ಕರು ಆ ಸೈನ್ಯವನ್ನು ಮುತ್ತಿದರು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಮುತ್ತಿಗೆ ಸಾಗಿತು. ಬಿಡಿಸಲು ಬಂದ ಪಡೆಗಳು ಊರನ್ನು ಮುಟ್ಟಲಾರದೆ ಹೋದವು. ಕಾಳು ತೀರುತ್ತ ಬಂದಂತೆ ಕುದುರೆಗಳನ್ನು ಕೊಂದು ತಿಂದರು. ನಮ್ಮ ದೇಶದ ಸಿಪಾಯಿಗಳಲ್ಲಿ ಬಹುಮಂದಿ ಆ ಮಾಂಸವನ್ನು ಬಹುದಿನ ಮುಟ್ಟದೆ, ದಿನದಿನಕ್ಕೆ ಕಡಿಮೆಯಾಗುತ್ತಿದ್ದ ಜವೆಗೋಧಿಯ ಹಿಟ್ಟಿನಲ್ಲಿಯೇ ಜೀವ ಹಿಡಿದರು. ಕೊನೆಗೆ ಸುಮಾರು 13 ಸಾವಿರ ಜನ ಸೆರೆಯಾದರು. ಮರುಭೂಮಿಯ ದಾರಿಯಲ್ಲಿ ನಡೆಸಿಕೊಂಡು ಹೋದ ಸೆರೆಯವರಲ್ಲಿ ಸತ್ತವರು ಬಹಳ. ಬದುಕಿದ ಅನೇಕ ಭಾರತೀಯರನ್ನು ರೈಲುದಾರಿಯ ಕೆಲಸಕ್ಕೆ ಹಚ್ಚಿದರು.

ಆ ಊರಿನ ಹೆಸರು ಕೂತ್. ನಮ್ಮ ಹಿರಿಯರು ಹೇಳುತ್ತಿದ್ದುದು "ಕೂತಿನಲ್ಲಿದ್ದೆವು" ಎಂದೋ, "ಕೂತಿದ್ದೆವು" ಎಂದೋ, ಕೇಳಿದವರಾರೂ ಈಗ ಉಳಿದಿಲ್ಲ. ಎರಡೂ ನಿಜವೇ.

ಮಾಸ್ತರರು ಇದನ್ನೆಲ್ಲ ಪಡಸಾಲೆಯಲ್ಲಿ ಓದಿ ಹೇಳಿದಾಗ ಅಜ್ಜಿ ಕಂಬಕ್ಕೊರಗಿ ಕುಳಿತಿದ್ದರು.

"ಎಷ್ಟು ದಿನ ಅಂದಿ?"

"ನೂರ ನಲವತ್ತೈದು."

ಬಹಳ ಹೊತ್ತು ಸುಮ್ಮನಿದ್ದು, "ಒಂದು ಸಲವಾದರೂ ಹೇಳಬಾರದಿತ್ತೇನು ನನಗ?" ಎಂದರು. ಪದಕವನ್ನು ಸೆರಗಿನಿಂದ ಒರಸಿ ಅವರೇ ಮತ್ತೆ ಜಗಲಿಯ ಮೇಲಿಟ್ಟರು. ಕುಂಕುಮ ಹಚ್ಚಲಿಲ್ಲ, ಅದರ ಮುಂದೆ ಒಂದು ಹಿಡಿ ಹಿಟ್ಟು ಇಟ್ಟರು.