ಕೊಳವೆಯೊಳಗಿನ ಎರಡು ಗಡಿಯಾರಗಳು: ಪಾಲಿಮರ್ ನ್ಯಾನೊಕಣಗಳ ಹುಟ್ಟು ಮತ್ತು ಎಕ್ಸ್‌ಕಿರಣದ ಸಾಕ್ಷ್ಯ

ಪಾಲಿಮರ್ ಎಂದರೇನು, ಎಕ್ಸ್‌ಕಿರಣ ಎಂದರೇನು ಎಂಬ ಪಾಠಗಳು ಪಠ್ಯಪುಸ್ತಕಗಳಲ್ಲೇ ಸಿಗುವುದರಿಂದ ಅವನ್ನು ಬೇಗ ದಾಟಿ, ಇನ್ನೂ ಇತ್ಯರ್ಥವಾಗದ ಒಂದು ವಾದಕ್ಕೆ ಇಲ್ಲಿ ಹೆಚ್ಚಿನ ಜಾಗ ಕೊಡಲಾಗಿದೆ: ಕಣಗಳು ಹುಟ್ಟುವುದನ್ನು ನೋಡಲು ಬಿಟ್ಟ ಕಿರಣವೇ ಆ ಹುಟ್ಟಿನಲ್ಲಿ ಕೈಯಾಡಿಸಿದರೆ, ಅದರ ಸಾಕ್ಷ್ಯ ಎಷ್ಟರ ಮಟ್ಟಿಗೆ ನಿಲ್ಲುತ್ತದೆ?

ದ್ರಾವಕದಲ್ಲಿ ಕರಗುವ ಪಾಲಿಮರ್ ಸರಪಳಿಯ ತುದಿಗೆ ಕರಗದ ಇನ್ನೊಂದು ಖಂಡವನ್ನು ಮಾನೊಮರ್‌ಗಳಿಂದ, ಅಂದರೆ ಸರಪಳಿಯ ಬಿಡಿ ಕೊಂಡಿಗಳಿಂದ, ಬೆಳೆಸುತ್ತ ಹೋದರೆ, ಒಂದು ಹಂತದಲ್ಲಿ ಕರಗದ ಖಂಡಗಳು ಒಳಗೆ ಮುದುಡಿ, ಕರಗುವ ಖಂಡಗಳು ಹೊರಗೆ ಕವಚವಾಗಿ ನಿಂತು, ನ್ಯಾನೊಕಣಗಳು ತಾವಾಗಿಯೇ ರೂಪುಗೊಳ್ಳುತ್ತವೆ. ಇದಕ್ಕೆ ಪಾಲಿಮರೀಕರಣ-ಪ್ರೇರಿತ ಸ್ವಯಂಜೋಡಣೆ ಎಂದು ಹೆಸರು. ಕರಗದ ಖಂಡ ಉದ್ದವಾದಂತೆ ಕಣವು ಗೋಳದಿಂದ ಹುಳುವಿನಂಥ ಎಳೆಯಾಗಿ, ಎಳೆಯಿಂದ ಟೊಳ್ಳು ಗುಳ್ಳೆಯಾಗಿ ಮಾರ್ಪಡಬಲ್ಲದು. ಇಸ್ರೇಲಚ್ವಿಲಿ, ಮಿಚೆಲ್ ಮತ್ತು ನಿನ್ಹಮ್ 1976ರಲ್ಲಿ ಸಾಬೂನಿನಂಥ ಅಣುಗಳಿಗಾಗಿ ಮಂಡಿಸಿದ ಜ್ಯಾಮಿತಿಯ ತರ್ಕವನ್ನೇ ಇಲ್ಲಿಯೂ ಅನ್ವಯಿಸುತ್ತಾರೆ. ಈ ಮಾರ್ಪಾಡನ್ನು ಗಮನಿಸಲು ಬಳಸುವ ಲಘುಕೋನ ಎಕ್ಸ್‌ಕಿರಣ ಚದುರಿಕೆಯಲ್ಲಿ ಕಿರಣವು ನೇರ ದಾರಿಯಿಂದ ತುಸುವೇ ಬಾಗಿ ಚದುರುವ ಪ್ರಮಾಣವನ್ನು ಅಳೆಯುತ್ತಾರೆ. ಕೋನ ಕಿರಿದಾದಷ್ಟೂ ಅದು ತಿಳಿಸುವ ರಚನೆ ಹಿರಿದು. ರಾಮನ್ನರ ಶಿಷ್ಯವರ್ಗದ ಪಿ. ಕೃಷ್ಣಮೂರ್ತಿಯವರು 1930ರ ಸುಮಾರಿಗೇ ಈ ಬಗೆಯ ಚದುರಿಕೆಯನ್ನು ಗುರುತಿಸಿದ್ದರು.

ವಾದದ ಮೂಲ ಒಂದು ಕಿರುಕೊಳವೆಯಲ್ಲಿದೆ. ಶೆಫೀಲ್ಡ್ ವಿಶ್ವವಿದ್ಯಾಲಯದ ಸ್ಟೀವನ್ ಆರ್ಮ್ಸ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖನಿಜ ತೈಲದಲ್ಲಿ ಕರಗುವ ಸ್ಟಿಯರಿಲ್ ಮೆಥಾಕ್ರಿಲೇಟ್ ಖಂಡದ ಮೇಲೆ ಬೆಂಜೈಲ್ ಮೆಥಾಕ್ರಿಲೇಟ್ ಖಂಡ ಬೆಳೆಯುತ್ತಿರುವಾಗಲೇ ಸಿಂಕ್ರೊಟ್ರಾನ್ ಯಂತ್ರದ ತೀವ್ರ ಎಕ್ಸ್‌ಕಿರಣವನ್ನು ಆ ಕೊಳವೆಯ ಮೂಲಕ ಹಾಯಿಸಲಾಯಿತು. ಚದುರಿಕೆಯ ಪ್ರಮಾಣವನ್ನು ಕೋನಕ್ಕೆ ಪ್ರತಿಯಾಗಿ ಗುರುತಿಸಿದ, ಎರಡೂ ಅಕ್ಷಗಳು ಲಾಗರಿದಮ್ ಅಳತೆಯಲ್ಲಿರುವ ನಕ್ಷೆಯಲ್ಲಿ ಗೋಳಗಳಿದ್ದರೆ ಅತಿ ಕಿರುಕೋನದ ಕಡೆ ವಕ್ರರೇಖೆ ಬಹುಮಟ್ಟಿಗೆ ಮಟ್ಟಸವಾಗಿರುತ್ತದೆ, ಎಳೆಗಳಿದ್ದರೆ ಇಳಿಜಾರು -1ರ ಹತ್ತಿರ, ಗುಳ್ಳೆಗಳಿದ್ದರೆ -2ರ ಹತ್ತಿರ ಬರುತ್ತದೆ. ಗುಳ್ಳೆ ಹೊರಕ್ಕೆ ಉಬ್ಬದೆ ಅದರ ಗೋಡೆ ಒಳಮುಖವಾಗಿ ದಪ್ಪವಾಗುತ್ತದೆ ಎಂಬ ಮಹತ್ವದ ನಿರ್ಣಯಕ್ಕೂ ಇಂಥ ರೇಖೆಗಳೇ ಆಧಾರ.

ಇದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪಕ್ಷದವರ ಆಕ್ಷೇಪವೆಂದರೆ, ಚಿತ್ರದಲ್ಲಿ ಕಾಣುವ ಆಕಾರವನ್ನು ಬಿಟ್ಟು ರೇಖೆಯ ಇಳಿಜಾರನ್ನು ನಂಬುವುದೇಕೆ ಎಂಬುದು. ಆದರೆ ಆ ಚಿತ್ರಕ್ಕಾಗಿ ತೆಗೆದ ಹನಿಯನ್ನು ತಣಿಸಿ, ತೆಳುವಾಗಿಸಿ, ಒಣಗಿಸುವಷ್ಟರಲ್ಲಿ, ಕಣದ ಒಡಲಲ್ಲಿ ಇನ್ನೂ ಕೂಡಿಕೊಳ್ಳದೆ ಉಳಿದು ಅದನ್ನು ಮೆತ್ತಗಿಟ್ಟಿದ್ದ ಮಾನೊಮರ್ ಹೊರಟುಹೋಗಿರುತ್ತದೆ. ಆಕಾರ ಬದಲಾಗಲು ಎಡೆಮಾಡಿಕೊಟ್ಟ ಮೆದುತನವೇ ಇಲ್ಲವಾದ ಮೇಲೆ ಉಳಿಯುವುದು ಕಣದ ಹೊಟ್ಟು ಮಾತ್ರ. ಗೋಳವೂ ಎಳೆಯೂ ಬೆರೆತಿರುವಾಗ ಒಂದೇ ರೇಖೆಗೆ ಹಲವು ಮಾದರಿಗಳು ಹೊಂದುತ್ತವೆಂಬ ಅವರ ಮಾತನ್ನಂತೂ ಒಪ್ಪಲೇಬೇಕು. ಮಾದರಿಯನ್ನು ಆರಿಸಲು ಚಿತ್ರ ಬೇಕು, ಆರಿಸಿದ ಮೇಲೆ ಅಳೆಯಲು ಚದುರಿಕೆ ಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಹರಿತವಾದದ್ದು. ತೀವ್ರ ಎಕ್ಸ್‌ಕಿರಣವು ದ್ರವದಲ್ಲಿ ಫ್ರೀ ರ‍್ಯಾಡಿಕಲ್‌ಗಳನ್ನು, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಚುರುಕು ತುಣುಕುಗಳನ್ನು, ಹುಟ್ಟಿಸುತ್ತದೆ. ಸರಪಳಿ ಬೆಳೆಯುವುದೂ ಅವುಗಳಿಂದಲೇ ಆದ್ದರಿಂದ ಕಿರಣ ಬಿದ್ದೆಡೆ ಕ್ರಿಯೆ ವೇಗ ಪಡೆಯಬಹುದು. ನಿಮಿಷಗಳ ಬದಲು ಎಷ್ಟು ಪಾಲು ಮಾನೊಮರ್ ಸರಪಳಿ ಸೇರಿದೆ ಎಂಬ ಲೆಕ್ಕದ ಮೇಲೆ ರೇಖೆಗಳನ್ನು ಜೋಡಿಸಿದರೆ ಈ ದೋಷ ಕಳೆಯುತ್ತದೆಂಬ ಸಮಾಧಾನ ಅರ್ಧಸತ್ಯ. ಆ ಲೆಕ್ಕವನ್ನು ಪ್ರಯೋಗಾಲಯದ ಫ್ಲಾಸ್ಕಿನಲ್ಲಿ ಅಳೆದು ಕಿರಣದ ಕೊಳವೆಗೆ ಹೊಂದಿಸಿದರೆ, ಒಬ್ಬರ ಗಡಿಯಾರ ನೋಡಿ ಇನ್ನೊಬ್ಬರ ಹೊತ್ತು ಹೇಳಿದಂತಾಗುತ್ತದೆ. ಲೆಕ್ಕ ಅದೇ ಕೊಳವೆಯದಾದರೂ ಇನ್ನೊಂದು ತೊಡಕು ಉಳಿಯುತ್ತದೆ: ಸರಪಳಿ ಬೆಳೆಯುವುದು ಒಂದು ಗಡಿಯಾರ, ಕಣ ತನ್ನ ಆಕಾರವನ್ನು ಮರುಹೊಂದಿಸಿಕೊಳ್ಳುವುದು ಮತ್ತೊಂದು ಗಡಿಯಾರ. ಎರಡನೆಯದು ಮೊದಲನೆಯದರ ಜೊತೆಗೇ ಓಡುವವರೆಗೆ ಮಾತ್ರ ಆ ಸಮಾಧಾನ ಸಲ್ಲುತ್ತದೆ. ಕಿರಣವು ಮೊದಲ ಗಡಿಯಾರವನ್ನಷ್ಟೇ ವೇಗಗೊಳಿಸಿದರೆ, ಎಳೆಯಾಗಲು ಬಿಡುವು ಸಿಗದ ಗೋಳಗಳು ಗೋಳಗಳಾಗಿಯೇ ಉಳಿದು ದಾರಿಯೇ ಬೇರೆಯಾದೀತು.

ಇದರಿಂದ ವಿಧಾನವನ್ನೇ ತಳ್ಳಿಹಾಕುವುದು ದುಡುಕು. ಎಣ್ಣೆ ಮತ್ತು ನೀರಿನಂತೆ ಬೆರೆಯದ ಮಿಶ್ರಣಗಳಿಗಾಗಿ ಆರ್ಮ್ಸ್ ಅವರ ತಂಡವೇ 2019ರಲ್ಲಿ ಕಲಕುತ್ತಲೇ ಅಳೆಯಬಹುದಾದ ಪುಟ್ಟ ಪಾತ್ರೆಯನ್ನು ಬಳಕೆಗೆ ತಂದದ್ದು, ನಿಶ್ಚಲ ಕೊಳವೆಯ ಒಂದು ಕೊರತೆಯನ್ನು ಅಲ್ಲಿಗೆ ನೀಗಿಸಿತು. ಕಿರಣದಿಂದಾಗುವ ದೋಷಕ್ಕೆ ಪರಿಹಾರ ಇನ್ನೂ ಸರಳ: ಒಂದೇ ಮಿಶ್ರಣದ ಎರಡು ಕೊಳವೆಗಳಲ್ಲಿ ಒಂದಕ್ಕೆ ಎಡೆಬಿಡದೆ, ಇನ್ನೊಂದಕ್ಕೆ ಷಟರ್ ಮುಚ್ಚಿಟ್ಟು ಕೊನೆಯಲ್ಲಿ ಒಮ್ಮೆ ಮಾತ್ರ ಕಿರಣ ತಾಗಿಸಿ, ಮಾನೊಮರ್ ಲೆಕ್ಕ ಸಮವಾಗಿರುವಾಗ ಎರಡರ ರೇಖೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದು. ಅವು ಕೂಡಿದರೆ ಆ ಮಿಶ್ರಣದ ಮಟ್ಟಿಗೆ ಸಾಕ್ಷ್ಯ ಗಟ್ಟಿ. ಕೂಡದಿದ್ದರೆ ಆ ಅಂತರವೇ ಎರಡನೆಯ ಗಡಿಯಾರದ ವೇಗವನ್ನು ತಿಳಿಸುವ ಹೊಸ ಅಳತೆ. ಈ ಜೋಡಿ ಕೊಳವೆಯ ಫಲಿತಾಂಶ ಜೊತೆಗಿಲ್ಲದ ಯಾವ ಆಕಾರಸಂಕ್ರಮಣದ ವರದಿಯನ್ನೂ, ಅದು ಎಷ್ಟೇ ಸೊಗಸಾಗಿದ್ದರೂ, ಅಂತಿಮವೆಂದು ಸ್ವೀಕರಿಸಬಾರದೆಂಬುದು ಈ ಉಪನ್ಯಾಸದ ನಿಲುವು.