ಭಾರ ಹೊತ್ತ ಮೈ ದಣಿಯುವುದೇಕೆ?



ಜಾತ್ರೆಯಲ್ಲಿ ಗುಂಡುಕಲ್ಲನ್ನು ಎತ್ತುವ ಯುವಕನನ್ನು ತಾವು ಕಂಡಿದ್ದೀರಿ. ಅವನು ಕಲ್ಲನ್ನು ಹೆಗಲಿಗೇರಿಸಿ ಕೆಳಗೆ ಹಾಕಿದೊಡನೆ ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ಅದೇ ಊರಿನ ಗೃಹಿಣಿ ದಿನವೂ ಹಲವು ಬಾರಿ ಕೊಡ ಹೊರುತ್ತಾಳೆ. 15 ಲೀಟರು ಹಿಡಿಯುವ ಕೊಡವಾದರೆ ನೀರಿನ ತೂಕವೇ 15 ಕಿಲೋ. ಆಕೆಗೆ ಚಪ್ಪಾಳೆಯಿಲ್ಲ, ನಡುವೆ ಕುಳಿತರೆ “ಸೋಮಾರಿ” ಎಂಬ ಮಾತು ಮಾತ್ರ ಉಂಟು. ಆ ಮಾತನ್ನಾಡುವ ಮುನ್ನ ದಣಿವೆಂದರೇನೆಂಬುದನ್ನು ವಿಚಾರಿಸೋಣ.

ಸ್ನಾಯು ಸಂಕುಚಿಸಲು ಎ.ಟಿ.ಪಿ. ಎಂಬ ರಾಸಾಯನಿಕ ವಸ್ತು ಬೇಕು. ಇದು ಸೊಂಟದ ಚೀಲದಲ್ಲಿರುವ ಚಿಲ್ಲರೆ ಹಣದಂತೆ. ಕೆಲವೇ ಸೆಕೆಂಡುಗಳಿಗೆ ಸಾಕಾಗುತ್ತದೆ. ಒಡನೆಯೇ ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ವಸ್ತು ಅದನ್ನು ಮತ್ತೆ ತುಂಬಿಕೊಡುತ್ತದೆ. ಅದೂ ಸುಮಾರು 10 ಸೆಕೆಂಡುಗಳ ಬಾಳಿಕೆಯದು. ಗುಂಡುಕಲ್ಲು ಎತ್ತುವವನ ಕೆಲಸ ಬಹುಮಟ್ಟಿಗೆ ಇಷ್ಟರಲ್ಲೇ ಮುಗಿಯುತ್ತದೆ. ಭಾರದ ಕೆಲಸ ಮುಂದುವರಿದರೆ, ನಾವು ಉಂಡ ರಾಗಿ, ಜೋಳ, ಅಕ್ಕಿಗಳ ಪಿಷ್ಟದಿಂದ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ ಒಡೆಯುತ್ತದೆ. ಇನ್ನೂ ದೀರ್ಘವಾದ ಕೆಲಸಕ್ಕೆ ರಕ್ತವು ತರುವ ಆಮ್ಲಜನಕವೇ ಆಧಾರ.

ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುವುದೇ ದಣಿವಿಗೆ ಕಾರಣವೆಂದು ಹಿಂದಿನ ಪಠ್ಯಪುಸ್ತಕಗಳು ಬೋಧಿಸುತ್ತಿದ್ದವು. ಈಗ ಆ ವಿವರಣೆ ಸಾಲದೆಂದು ತಿಳಿದುಬಂದಿದೆ. ಅದರಿಂದಾಗುವ ಲ್ಯಾಕ್ಟೇಟನ್ನು ಹೃದಯವು ಇಂಧನವಾಗಿಯೂ ಬಳಸಿಕೊಳ್ಳುತ್ತದೆ. ಬಿರುಸಾದ ಕೆಲಸದಲ್ಲಿ ಬಿಡುಗಡೆಯಾದ ಫಾಸ್ಫೇಟ್ ಮತ್ತು ಹೆಚ್ಚಿದ ಆಮ್ಲತೆ ಸ್ನಾಯುವಿನ ಹಿಡಿತವನ್ನು ತಗ್ಗಿಸುತ್ತವೆ. ಎರಡು ಮೂರು ನಿಮಿಷ ಭಾರ ಇಳಿಸಿದರೆ ಕ್ರಿಯಾಟಿನ್ ಫಾಸ್ಫೇಟಿನ ಬಹುಭಾಗ ಮರಳಿ ಕೂಡಿಬರುತ್ತದೆ. ಭಾರವನ್ನು ಅಲುಗಾಡದೆ ಬಿಗಿಯಾಗಿ ಹಿಡಿದಾಗ ಸ್ನಾಯುವೇ ತನ್ನೊಳಗಿನ ರಕ್ತನಾಳಗಳನ್ನು ಒತ್ತಿಬಿಡುತ್ತದೆ. ಆದುದರಿಂದ ಕೊಡವನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸುವುದು ವಿವೇಕ.

ನಮ್ಮ ಹಿರಿಯರು ಇದನ್ನು ಅನುಭವದಿಂದ ಬಲ್ಲವರಾಗಿದ್ದರು. ಹಳೆಯ ದಾರಿಗಳ ಬದಿಯಲ್ಲಿ ತಲೆಯೆತ್ತರಕ್ಕೆ ನಿಲ್ಲಿಸಿದ ಹೊರೆಗಲ್ಲುಗಳು ಏತಕ್ಕೆಂದುಕೊಂಡಿರಿ? ಪರರ ಸಹಾಯವಿಲ್ಲದೆ ಹೊರೆ ಇಳಿಸಿ ಸುಧಾರಿಸಿಕೊಳ್ಳಲೆಂದೇ. ತಮಿಳುನಾಡಿನಲ್ಲಿ ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣಿನ ನೆನಪಿಗೆ ಇಂಥ ಕಲ್ಲು ನೆಡುವ ವಾಡಿಕೆಯಿತ್ತು. ಅವಳು ಇಳಿಸಲಾಗದ ಹೊರೆಯನ್ನು ದಾರಿಹೋಕರಾದರೂ ಇಳಿಸಲೆಂಬ ಭಾವನೆ ಅದರ ಹಿಂದಿತ್ತು.

ಕೆಲವರಿಗೆ ವಿಶ್ರಾಂತಿ ಪಡೆದರೂ ದಣಿವು ಆರುವುದಿಲ್ಲ. ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಕಬ್ಬಿಣಾಂಶ ಬೇಕು. ಅದು ಕಡಿಮೆಯಾದರೆ ಸ್ನಾಯುವಿಗೆ ಆಮ್ಲಜನಕ ಸಾಲದೆ ಸ್ವಲ್ಪ ಕೆಲಸಕ್ಕೇ ಏದುಸಿರು ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿತ್ತು. ಬೇಗ ದಣಿಯುವ ಹೆಂಡತಿಯನ್ನು ಸೋಮಾರಿ ಎನ್ನುವ ಗಂಡ ಈ ಸಂಖ್ಯೆಯನ್ನು ನೆನೆಯಬೇಕು. ಹೆರಿಗೆಯ ಮೇಲೆ ಹೆರಿಗೆಯಾದರೆ ಕಳೆದ ಕಬ್ಬಿಣಾಂಶ ಕೂಡಿಬರಲು ಅವಕಾಶವೇ ಸಿಗದು. ಎರಡು ಮಕ್ಕಳ ನಡುವೆ ಮೂರು ವರ್ಷ ಅಂತರವಿರಲೆಂದು ಹೇಳುವುದಕ್ಕೆ ಇದೂ ಒಂದು ಕಾರಣ.

ದುಡಿಮೆಯಿಂದ ಮೈ ಗಟ್ಟಿಯಾಗುವುದೂ ನಿಜವೇ. ಗರಡಿಮನೆಯಲ್ಲಿ ಭಾರವನ್ನು ಮೆಲ್ಲಮೆಲ್ಲನೆ ಏರಿಸುತ್ತಾರೆ, ನಡುವೆ ಬಿಡುವು ಕೊಡುತ್ತಾರೆ, ಪುಷ್ಟಿಯಾದ ಊಟ ಬಡಿಸುತ್ತಾರೆ. ಸ್ನಾಯು ಬೆಳೆಯುವುದು ಆಗ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ತಿಳಿಸಾರನ್ನು ಉಣ್ಣುವವಳಿಗೆ ದುಡಿಮೆ ಮಾತ್ರ ಉಂಟು, ಬಲ ಬರುವುದೆಲ್ಲಿಂದ? ಬೇಳೆ, ಹುರುಳಿ, ಅವರೆ, ಸೊಪ್ಪು, ಸಾಧ್ಯವಾದರೆ ಮೊಟ್ಟೆ ಆಕೆಯ ತಟ್ಟೆಗೂ ಬೀಳಬೇಕು. ಬಸುರಿನ ಕೊನೆಯ ತಿಂಗಳುಗಳಲ್ಲೂ ಬಾಣಂತಿತನದ ಮೊದಲ ವಾರಗಳಲ್ಲೂ ನೀರಿನ ಕೊಡ, ಗೊಬ್ಬರದ ಪುಟ್ಟಿ, ಸೌದೆಯ ಹೊರೆ ಪತಿಯ ಪಾಲಿಗಿರಲಿ.

ಬಸುರಿನ ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ, ಹೆರಿಗೆಯ ನಂತರವೂ 180 ದಿನ, ಪ್ರತಿದಿನ ಒಂದು ಕಬ್ಬಿಣಾಂಶದ ಮಾತ್ರೆ ಸೇವಿಸತಕ್ಕದ್ದು. ಉಪಕೇಂದ್ರದಲ್ಲಿ ಅದು ಉಚಿತವಾಗಿ ದೊರೆಯುತ್ತದೆ. ಬೆರಳ ತುದಿಯ ರಕ್ತ ಪರೀಕ್ಷೆಯನ್ನೂ ಅಲ್ಲಿ ಮಾಡಿಸಬಹುದು. ಮಾತ್ರೆಯ ಹಿಂದು ಮುಂದಿನ ಒಂದು ಗಂಟೆ ಚಹಾ, ಕಾಫಿ ಬೇಡ. ಮಲ ಕಪ್ಪಗಾದರೆ ಹೆದರಿ ಮಾತ್ರೆಯನ್ನು ನಿಲ್ಲಿಸಬೇಡಿ. ಅದು ಮಾತ್ರೆಯ ಬಣ್ಣವಷ್ಟೇ.